ಹಳೆಯ ಆಟಗಳ ಹಾರ್ಡ್ ಡಿಸ್ಕ್: ಯಕ್ಷಗಾನದ ವಿಡಿಯೋಗಳು ನಾಲ್ಕು ಯಂತ್ರಗಳಲ್ಲಿ ಓಡಿದ ಬಗೆ

ಕುಂದಾಪುರ ಕಡೆಯ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಯಕ್ಷಗಾನದ ಬಡಗುತಿಟ್ಟು ಶೈಲಿಯ ಕುಣಿತ ಕಲಿಸುವ ಸಣ್ಣ ಗುಂಪೊಂದಿದೆ. ಅವರ ಹತ್ತಿರ 2 ಟಿಬಿಯ ಒಂದು ಹಾರ್ಡ್ ಡಿಸ್ಕ್. ಅದರ ತುಂಬ ಆಟಗಳ, ಅಂದರೆ ಯಕ್ಷಗಾನ ಪ್ರದರ್ಶನಗಳ ವಿಡಿಯೋ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರು, ಕೈಗೆ ಸಿಕ್ಕ ಕ್ಯಾಮೆರಾದಲ್ಲಿ ತೆಗೆದದ್ದು. ಅವರು ನಮ್ಮನ್ನು ಕೇಳಿದ್ದು ಒಂದೇ: ಇವೆಲ್ಲ ಎಲ್ಲ ಕಡೆ ಓಡಬೇಕು.

‘ಎಲ್ಲ ಕಡೆ’ ಅನ್ನುವ ಮಾತು ಕೇಳಲು ಚೆನ್ನಾಗಿರುತ್ತದೆ. ಕೆಲಸಕ್ಕೆ ಬರುವುದಿಲ್ಲ. ಯಾವ ಯಂತ್ರ ಅಂತ ಕೇಳಿದಾಗ ನಾಲ್ಕು ಹೆಸರು ಬಂತು. ಒಂದು, ಹತ್ತಿರದ ಶಾಲೆಯ ಲ್ಯಾಬಿನ ಹಳೆಯ ಡೆಸ್ಕ್‌ಟಾಪ್‌ಗಳು. ವಿಂಡೋಸ್ 7 ಹೋಮ್ ಬೇಸಿಕ್, 2 ಜಿಬಿ ರ‍್ಯಾಮ್. ಎರಡು, ಕುಣಿತ ಕಲಿಸುವ ಮೇಷ್ಟ್ರ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್ ಬದಲು ಉಬುಂಟು ಅನ್ನುವ ಉಚಿತ ಕಾರ್ಯಾಚರಣ ವ್ಯವಸ್ಥೆ. ಮೂರು, ಅಭ್ಯಾಸದ ಕೋಣೆಯ ಟಿವಿ. ಅದಕ್ಕೆ ಪೆನ್‌ಡ್ರೈವ್ ಚುಚ್ಚಿ ನೋಡುತ್ತಾರೆ. ನಾಲ್ಕು, ಕ್ಯಾಲಿಫೋರ್ನಿಯಾದಲ್ಲಿರುವ ಊರಿನವರೊಬ್ಬರ ಮ್ಯಾಕ್‌ಬುಕ್. ಆಟದ ಖರ್ಚಿಗೆ ಹಣ ಕೊಡುವವರು ಅವರೇ. ಹಾಗಾಗಿ ಅವರ ಯಂತ್ರವನ್ನು ಬಿಡುವ ಹಾಗಿರಲಿಲ್ಲ.

ದೂರುಗಳೂ ನಾಲ್ಕು ಥರ. ಲ್ಯಾಬಿನಲ್ಲಿ ಕೆಲವು ಫೈಲಿಗೆ ಚಂಡೆ ಕೇಳುತ್ತದೆ, ಚಿತ್ರ ಕಪ್ಪು. ಟಿವಿಯಲ್ಲಿ ‘ಈ ಫೈಲ್ ಬೆಂಬಲಿತವಲ್ಲ’ ಅಂತ ಸಂದೇಶ. ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಆದರೆ ವೇಷ ತಿರುಗಿದ ಕೂಡಲೇ ಅಂಚೆಲ್ಲ ಗೆರೆ ಗೆರೆ. ಮ್ಯಾಕ್‌ಬುಕ್ಕಿನಲ್ಲಿ ಎಂಕೆವಿ ಅನ್ನುವ ಬಗೆಯ ಫೈಲುಗಳು ತೆರೆಯುವುದೇ ಇಲ್ಲ.

ನಮ್ಮನ್ನು ಕರೆಯುವ ಮೊದಲೇ ಒಂದಿಷ್ಟು ಪ್ರಯತ್ನ ಆಗಿತ್ತು. ಯಾರೋ ಫೈಲಿನ ಹೆಸರಿನ ಕೊನೆಯ ಎಂಕೆವಿಯನ್ನು ಅಳಿಸಿ ಎಂಪಿ4 ಅಂತ ಬರೆದಿದ್ದರು. ಹೆಸರು ಬದಲಾಯಿತು, ಒಳಗೆ ಏನೂ ಬದಲಾಗಲಿಲ್ಲ. ಇನ್ನೊಬ್ಬರು ಕೆಲವನ್ನು ಆನ್‌ಲೈನ್ ಕನ್ವರ್ಟರಿಗೆ ಹಾಕಿದ್ದರು. ಚಿತ್ರ ಕುಗ್ಗಿ, ಮೂಲೆಯಲ್ಲಿ ಆ ಸೈಟಿನ ಮುದ್ರೆ ಬಿದ್ದು ಬಂದಿತ್ತು. ಪುಣ್ಯಕ್ಕೆ ಮೂಲ ಫೈಲನ್ನು ಯಾರೂ ಅಳಿಸಿರಲಿಲ್ಲ.

‘ವಿಎಲ್‌ಸಿ ಹಾಕಿದರೆ ಮುಗೀತಲ್ವಾ?’

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ವಿಎಲ್‌ಸಿ ಅಂದರೆ ಉಚಿತ ವಿಡಿಯೋ ಪ್ಲೇಯರ್. ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ ಯೋಜನೆ ಅದು. 2001ರಲ್ಲಿ ಮುಕ್ತ ತಂತ್ರಾಂಶವಾಯಿತು. ವಿಡಿಯೋ ಬಿಡಿಸಿ ತೋರಿಸಲು ತನಗೆ ಬೇಕಾದ ಡಿಕೋಡರ್‌ಗಳನ್ನು ತಾನೇ ಹೊತ್ತು ತರುತ್ತದೆ. ಕಂಪ್ಯೂಟರಿನಲ್ಲಿ ಏನಿದೆ, ಏನಿಲ್ಲ ಅಂತ ನೋಡುವುದಿಲ್ಲ. ಒಬ್ಬರ ಮನೆಯ ಒಂದು ಕಂಪ್ಯೂಟರಿನ ಸಮಸ್ಯೆಯಾಗಿದ್ದರೆ ‘ವಿಎಲ್‌ಸಿ ಹಾಕಿಕೊಳ್ಳಿ’ ಅಂತ ಹೇಳಿ ನಾನು ಎದ್ದು ಬರುತ್ತಿದ್ದೆ. ಏನನ್ನೂ ಪರಿವರ್ತಿಸುವ ಅಗತ್ಯವೇ ಇರಲಿಲ್ಲ.

ಇಲ್ಲಿ ಅದು ಅರ್ಧ ಉತ್ತರ. ಟಿವಿಗೆ ವಿಎಲ್‌ಸಿ ಹಾಕಲು ಆಗುವುದಿಲ್ಲ, ಅದು ಹಳೆಯ ಕಾಲದ ಟಿವಿ. ಲ್ಯಾಬಿನಲ್ಲಿ ಏನನ್ನಾದರೂ ಇನ್‌ಸ್ಟಾಲ್ ಮಾಡಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಗೊತ್ತಿದ್ದವರು ವರ್ಗವಾಗಿ ಹೋಗಿದ್ದಾರೆ. ಇನ್ನು, ಪ್ಲೇಯರ್ ಬದಲಾದ ಮಾತ್ರಕ್ಕೆ ಹಳೆಯ ಪ್ರೊಸೆಸರಿಗೆ ಹೊಸ ಶಕ್ತಿ ಬರುವುದಿಲ್ಲ. 4ಕೆ ಫೈಲನ್ನು ಆ ಡೆಸ್ಕ್‌ಟಾಪಿಗೆ ಕೊಟ್ಟರೆ ವಿಎಲ್‌ಸಿಯೂ ತಡವರಿಸುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ಕೋಡೆಕ್ ಡೌನ್‌ಲೋಡ್ ಮಾಡಿ’ ಅಂತ ಗೊತ್ತಿಲ್ಲದ ಸೈಟು ಹೇಳಿದರೆ ಮಾಡಬೇಡಿ. ವೈರಸ್ ಬರುವ ಹಳೆಯ ದಾರಿ ಅದು.

ಒಳಗೇನಿದೆ ಅಂತ ನೋಡಿದ್ದು

ಮೊದಲ ಕೆಲಸ ಪರಿವರ್ತನೆ ಅಲ್ಲ, ತಪಾಸಣೆ. ಅದಕ್ಕೆ ಮೀಡಿಯಾಇನ್ಫೋ ಅನ್ನುವ ಉಚಿತ ತಂತ್ರಾಂಶ ಸಾಕು. ಫೈಲನ್ನು ಅದರ ಮೇಲೆ ಎಳೆದು ಬಿಟ್ಟರೆ ಒಳಗಿನ ವಿವರವೆಲ್ಲ ಹೇಳುತ್ತದೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಎಂಪಿ4, ಎಂಕೆವಿ, ಎವಿಐ, ಎಂಒವಿ, ಇವೆಲ್ಲ ಬರೀ ಡಬ್ಬಗಳು. ಡಬ್ಬದೊಳಗೆ ಚಿತ್ರ ಒಂದು ಕ್ರಮದಲ್ಲಿ, ಧ್ವನಿ ಇನ್ನೊಂದು ಕ್ರಮದಲ್ಲಿ ಒತ್ತಿ ಇಟ್ಟಿರುತ್ತದೆ. ಆ ಒತ್ತುವ ಕ್ರಮಕ್ಕೆ ಕೋಡೆಕ್ ಅನ್ನುತ್ತಾರೆ. ಪ್ಲೇಯರಿಗೆ ಮೂರೂ ಗೊತ್ತಿರಬೇಕು: ಡಬ್ಬ ತೆರೆಯಲು, ಚಿತ್ರ ಬಿಡಿಸಲು, ಧ್ವನಿ ಬಿಡಿಸಲು. ಒಂದು ಗೊತ್ತಿಲ್ಲದಿದ್ದರೂ ಸಾಕು, ದೂರು ಬರುತ್ತದೆ. ಚಂಡೆ ಕೇಳಿ ಚಿತ್ರ ಬರಲಿಲ್ಲ ಅಂದರೆ ಡಬ್ಬ ತೆರೆದಿದೆ, ಧ್ವನಿಯೂ ಬಿಚ್ಚಿದೆ, ಚಿತ್ರದ ಕೋಡೆಕ್ ಮಾತ್ರ ಗೊತ್ತಿಲ್ಲ ಅಂತ ಅರ್ಥ. ದೂರನ್ನು ಸರಿಯಾಗಿ ಕೇಳಿಸಿಕೊಂಡರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಡಿಸ್ಕಿನಲ್ಲಿ ಸಿಕ್ಕಿದ್ದು ಇಷ್ಟು. ಅತಿ ಹಳೆಯವು ವಿಸಿಡಿಯಿಂದ ತೆಗೆದ ಡ್ಯಾಟ್ ಫೈಲುಗಳು. ಒಳಗೆ ಎಂಪೆಗ್-1, ಚಿತ್ರದ ಅಳತೆ 352×288. ಆಮೇಲಿನವು ಮಿನಿ ಡಿವಿ ಟೇಪಿನಿಂದ ಇಳಿಸಿಕೊಂಡ ಎವಿಐಗಳು. ಗಂಟೆಗೆ ಸುಮಾರು 13 ಜಿಬಿ ನುಂಗುವ ಆಸಾಮಿಗಳು. ಡಿವಿಡಿಯಿಂದ ನಕಲು ಮಾಡಿದ ವಿಒಬಿಗಳು ಒಂದಿಷ್ಟು, ಅವುಗಳಲ್ಲಿ ಎಂಪೆಗ್-2. ಕೀಪ್ಯಾಡ್ ಫೋನ್ ಕಾಲದ 3ಜಿಪಿ ತುಣುಕುಗಳು. ಯಾರೋ ಆಸಕ್ತಿಯಿಂದ ಮಾಡಿಟ್ಟ ಎಂಕೆವಿಗಳು. ಈಚಿನವು ಐಫೋನಿನ ಎಂಒವಿಗಳು, ಒಳಗೆ ಎಚ್‌ಇವಿಸಿ ಅನ್ನುವ ಹೊಸ ಕೋಡೆಕ್. ಜೊತೆಗೆ ವಾಟ್ಸಾಪಿನಲ್ಲಿ ಬಂದ ರಾಶಿ ರಾಶಿ ಸಣ್ಣ ಎಂಪಿ4.

ಯಾವ ಯಂತ್ರದ ಮಾತು ಕೇಳಬೇಕು

ಇಂಥ ಕೆಲಸದಲ್ಲಿ ಜಾಸ್ತಿ ಜನ ಫೈಲನ್ನು ಮುಂದಿಟ್ಟುಕೊಂಡು ‘ಯಾವ ಫಾರ್ಮ್ಯಾಟ್ ಒಳ್ಳೇದು’ ಅಂತ ಕೇಳುತ್ತಾರೆ. ನನ್ನ ಪ್ರಕಾರ ಯಂತ್ರವನ್ನು ಮುಂದಿಟ್ಟುಕೊಂಡು ಕೇಳಬೇಕು. ನಾಲ್ಕರಲ್ಲಿ ಎಲ್ಲಕ್ಕಿಂತ ದುರ್ಬಲ ಯಾವುದು? ಅದಕ್ಕೆ ಏನು ಜೀರ್ಣವಾಗುತ್ತದೋ ಅದು ಉಳಿದವಕ್ಕೂ ಆಗುತ್ತದೆ.

ನಮ್ಮಲ್ಲಿ ದುರ್ಬಲರು ಇಬ್ಬರು, ಲ್ಯಾಬ್ ಮತ್ತು ಟಿವಿ. ವಿಂಡೋಸ್ 7ರಲ್ಲಿ ಬರುವ ಮೀಡಿಯಾ ಪ್ಲೇಯರಿಗೆ ಎಚ್.264 ಚಿತ್ರ, ಎಎಸಿ ಧ್ವನಿ, ಎಂಪಿ4 ಡಬ್ಬ ಮೂರೂ ಗೊತ್ತು. ಆದರೆ ಹೋಮ್ ಬೇಸಿಕ್ ಆವೃತ್ತಿಯಲ್ಲಿ ಡಿವಿಡಿ ನೋಡುವ ವ್ಯವಸ್ಥೆ ಇರಲಿಲ್ಲ, ಹಾಗಾಗಿ ವಿಒಬಿ ಅಲ್ಲಿ ಸುಮ್ನೆ ಕೂತಿತ್ತು. ಎಚ್‌ಇವಿಸಿ ಅಂತೂ ಅದಕ್ಕೆ ಗೊತ್ತೇ ಇಲ್ಲ. ಆ ಕೋಡೆಕ್ ಪ್ರಕಟವಾದದ್ದು 2013ರಲ್ಲಿ, ವಿಂಡೋಸ್ 7 ಬಂದದ್ದು 2009ರಲ್ಲಿ. ಹೊಸ ವಿಂಡೋಸ್‌ನಲ್ಲೂ ಎಚ್‌ಇವಿಸಿ ಎಲ್ಲ ಕಡೆ ತಾನಾಗಿ ಬರುವುದಿಲ್ಲ. ಎಷ್ಟೋ ಕಂಪ್ಯೂಟರುಗಳಲ್ಲಿ ಅದರ ವಿಸ್ತರಣೆಯನ್ನು ಮೈಕ್ರೋಸಾಫ್ಟ್ ಸ್ಟೋರಿನಿಂದ ದುಡ್ಡು ಕೊಟ್ಟು ತರಬೇಕು.

ಟಿವಿಯ ಕೈಪಿಡಿ ಕಪಾಟಿನಲ್ಲಿ ಸಿಕ್ಕಿತು. ಅದರಲ್ಲೂ ಎಂಪಿ4, ಎಚ್.264, ಎಎಸಿ ಇದ್ದವು. ಉಬುಂಟುವಿಗೆ ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್ ಅನ್ನುವ ಪ್ಯಾಕೇಜ್ ಹಾಕಿದರೆ ಇವೆಲ್ಲ ಓಡುತ್ತವೆ. ಮ್ಯಾಕಿನ ಕ್ವಿಕ್‌ಟೈಮ್ ಪ್ಲೇಯರಿಗೂ ಇದು ಮನೆಯ ಊಟ. ಹೀಗೆ ಗುರಿ ನಿಂತಿತು: ಎಂಪಿ4 ಡಬ್ಬ, ಎಚ್.264 ಚಿತ್ರ, ಎಎಸಿ ಸ್ಟೀರಿಯೋ ಧ್ವನಿ. ಎತ್ತರ 720 ಗೆರೆಗಿಂತ ಜಾಸ್ತಿ ಬೇಡ. ಬಣ್ಣ 8 ಬಿಟ್, 4:2:0 ಮಾದರಿ, ಅಂದರೆ ಬೆಳಕಿನ ವಿವರಕ್ಕಿಂತ ಬಣ್ಣದ ವಿವರವನ್ನು ಕಡಿಮೆ ಇಡುವ ಮಾಮೂಲಿ ಕ್ರಮ. ಈ ಕೊನೆಯ ಷರತ್ತು ಯಾಕೆ ಅನ್ನುವುದು ಮುಂದೆ ಬರುತ್ತದೆ.

2003ರ ಎಚ್.264 ಈಗ ಹಳೆಯದು ಅಂತ ಮೂಗು ಮುರಿಯುವವರಿದ್ದಾರೆ. ಎಚ್‌ಇವಿಸಿಯಲ್ಲಿ ಅದೇ ಗುಣಮಟ್ಟಕ್ಕೆ ಫೈಲು ಚಿಕ್ಕದಾಗುತ್ತದೆ, ನಿಜ. ಆದರೆ ಎಲ್ಲ ಕಡೆ ಓಡಬೇಕು ಅನ್ನುವವರಿಗೆ ಹಳೆಯದೇ ಬೇಕು.

ಎಂಕೆವಿ: ಡಬ್ಬ ಬದಲಿಸಿದರೆ ಸಾಕಾಯಿತು

ಎಂಕೆವಿ ಫೈಲುಗಳನ್ನು ಮೀಡಿಯಾಇನ್ಫೋದಲ್ಲಿ ತೆರೆದರೆ ಒಳಗೆ ಎಚ್.264 ಮತ್ತು ಎಎಸಿಯೇ ಇತ್ತು. ಅಂದರೆ ಸರಕು ಸರಿಯಿದೆ, ಡಬ್ಬ ಮಾತ್ರ ಬೇರೆ. ಇದನ್ನು ಮತ್ತೆ ಪರಿವರ್ತಿಸುವುದು ಶುದ್ಧ ದಂಡ. ಒತ್ತಿಟ್ಟ ಚಿತ್ರವನ್ನು ಬಿಡಿಸಿ ಮತ್ತೆ ಒತ್ತಿದಾಗಲೆಲ್ಲ ಸ್ವಲ್ಪ ಗುಣ ಹೋಗುತ್ತದೆ, ಕಾಲವೂ ಹೋಗುತ್ತದೆ.

ಇದಕ್ಕೆ ಬೇಕಾದದ್ದು ರೀಮಕ್ಸ್. ಚಿತ್ರ ಮತ್ತು ಧ್ವನಿಯನ್ನು ಹಾಗೇ ಎತ್ತಿ ಎಂಪಿ4ಗೆ ಇಡುವುದು. ಎಫ್‌ಎಫ್‌ಎಂಪೆಗ್ ಅನ್ನುವ, ಕಮಾಂಡ್ ಬರೆದು ಓಡಿಸುವ ಉಚಿತ ತಂತ್ರಾಂಶದಲ್ಲಿ ಕೋಡೆಕ್ ಜಾಗಕ್ಕೆ ‘ಕಾಪಿ’ ಅಂತ ಕೊಟ್ಟರೆ ಆಯಿತು. ಕಮಾಂಡ್ ಬರೆಯಲು ಹೆದರುವವರಿಗೆ ಲಾಸ್‌ಲೆಸ್‌ಕಟ್ ಇದೆ. ಒಳಗೆ ಅದೇ ಎಫ್‌ಎಫ್‌ಎಂಪೆಗ್, ಹೊರಗೆ ಗುಂಡಿಗಳು. ಪರಿವರ್ತಿಸಲು ಗಂಟೆಗಟ್ಟಲೆ ಹಿಡಿಯುವ ಆಟ ಹೀಗೆ ಕಾಪಿ ಆಗುವಷ್ಟೇ ಹೊತ್ತಿನಲ್ಲಿ ಮುಗಿಯುತ್ತದೆ, ಒಂದು ಚುಕ್ಕೆಯೂ ಕೆಡದೆ. ವಿಡಿಯೋ ಪರಿವರ್ತಿಸಲು ಜನ ಬಳಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಈ ಕೆಲಸ ಆಗುವುದಿಲ್ಲ. ಅದು ಚಿತ್ರವನ್ನು ಪ್ರತಿ ಸಲ ಹೊಸದಾಗಿಯೇ ಒತ್ತುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಜನರ ಎಷ್ಟು ರಾತ್ರಿ ವ್ಯರ್ಥವಾಗಿದೆಯೋ!

ವಾಟ್ಸಾಪಿನ ಎಂಪಿ4ಗಳನ್ನು ಮುಟ್ಟಲೇ ಇಲ್ಲ. ಅವು ಆಗಲೇ ಎಲ್ಲ ಕಡೆ ಓಡುತ್ತಿದ್ದವು. ಚಿತ್ರ ಮಸುಕು, ಆದರೆ ವಾಟ್ಸಾಪ್ ಕುಗ್ಗಿಸಿ ಎಸೆದ ವಿವರವನ್ನು ಯಾವ ಪರಿವರ್ತನೆಯೂ ಮರಳಿ ತರುವುದಿಲ್ಲ. ಮುಖ್ಯ ಅನಿಸಿದ ಕೆಲವಕ್ಕೆ ಮೂಲ ಯಾರ ಫೋನಿನಲ್ಲಿದೆ ಅಂತ ಹುಡುಕಿ, ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿಕೊಂಡೆವು. ಹಾಗೆ ಕಳಿಸಿದರೆ ವಾಟ್ಸಾಪ್ ಕುಗ್ಗಿಸುವುದಿಲ್ಲ, 2 ಜಿಬಿವರೆಗೆ ಹೋಗುತ್ತದೆ.

ಗಿರ್ಕಿ ಹೊಡೆದಾಗ ಹರಿಯುವ ಅಂಚು

ಹೆಚ್ಚು ಹೊತ್ತು ಹಿಡಿದದ್ದು ಡಿವಿ ಮತ್ತು ಡಿವಿಡಿ ಫೈಲುಗಳು. ಹಳೆಯ ದೊಡ್ಡ ಕಲಾವಿದರ ಆಟಗಳೆಲ್ಲ ಇವುಗಳಲ್ಲೇ ಇದ್ದವು. ಹಾಗಾಗಿ ಇಲ್ಲಿ ತಾಳ್ಮೆ ಬೇಕಾಗಿತ್ತು.

ಪಾಲ್ ಅನ್ನುವ ನಮ್ಮ ಟಿವಿ ಪದ್ಧತಿಯ ಆ ಕಾಲದ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ಬರೆಯುತ್ತದೆ. ಆದರೆ ಒಂದೊಂದು ಚಿತ್ರವನ್ನೂ ಎರಡು ಕಂತಿನಲ್ಲಿ ಹಿಡಿಯುತ್ತದೆ. ಮೊದಲು ಒಂದು ಬಿಟ್ಟು ಒಂದು ಗೆರೆ. ಸೆಕೆಂಡಿನ 50ರಲ್ಲಿ ಒಂದು ಪಾಲು ಕಳೆದ ಮೇಲೆ ಉಳಿದ ಗೆರೆಗಳು. ಈ ಕಂತಿಗೆ ಫೀಲ್ಡ್ ಅನ್ನುತ್ತಾರೆ, ಈ ಪದ್ಧತಿಗೆ ಇಂಟರ್‌ಲೇಸ್. ಭಾಗವತರು ಕೂತು ಹಾಡುವಾಗ ಎರಡು ಕಂತಿಗೂ ವ್ಯತ್ಯಾಸವಿಲ್ಲ, ಚಿತ್ರ ಶುದ್ಧ. ವೇಷ ಗಿರ್ಕಿ ಹೊಡೆಯುವಾಗ ಅಷ್ಟು ಸಣ್ಣ ಕಾಲದಲ್ಲೂ ಕೈ, ಕಿರೀಟ, ಸೀರೆಯ ನೆರಿಗೆ ಎಲ್ಲ ಜರುಗಿರುತ್ತವೆ. ಎರಡನ್ನೂ ಒಂದೇ ಚಿತ್ರದಲ್ಲಿ ಹೊಲಿದು ತೋರಿಸಿದರೆ ಅಂಚು ಗೆರೆ ಗೆರೆಯಾಗಿ ಹರಿಯುತ್ತದೆ.

ಟಿವಿ ಇಂಥದ್ದನ್ನು ತಾನೇ ಸರಿಮಾಡಿ ತೋರಿಸುತ್ತದೆ, ಆ ವಿದ್ಯೆ ಅದಕ್ಕೆ ಹುಟ್ಟಿನಿಂದಲೇ ಬಂದಿದೆ. ಮೇಷ್ಟ್ರ ಲ್ಯಾಪ್‌ಟಾಪಿನ ಪ್ಲೇಯರ್ ಹಾಗೆ ಮಾಡುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಲ್ಯಾಪ್‌ಟಾಪ್ ಹಾಳಾಗಿದೆ ಅಂದುಕೊಂಡಿದ್ದರು. ಪಾಪ, ಅದು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿತ್ತು.

ಪರಿಹಾರಕ್ಕೆ ಡೀಇಂಟರ್‌ಲೇಸ್ ಅಂತ ಹೆಸರು, ಮಾಡುವ ಬಗೆ ಎರಡು. ಎರಡು ಫೀಲ್ಡ್ ಸೇರಿಸಿ ಒಂದು ಚಿತ್ರ ಮಾಡಿದರೆ ಸೆಕೆಂಡಿಗೆ 25 ಚಿತ್ರ ಉಳಿಯುತ್ತದೆ. ಗೆರೆ ಹೋಗುತ್ತದೆ, ಜೊತೆಗೆ ಅರ್ಧ ಚಲನೆಯೂ ಹೋಗುತ್ತದೆ. ಒಂದೊಂದು ಫೀಲ್ಡನ್ನೂ ಪೂರ್ತಿ ಚಿತ್ರವಾಗಿ ಬೆಳೆಸಿದರೆ ಸೆಕೆಂಡಿಗೆ 50 ಚಿತ್ರ. ಚಲನೆ ಪೂರ್ತಿ ಉಳಿಯುತ್ತದೆ. ಮದುವೆ ವಿಡಿಯೋಗೆ ಮೊದಲನೆಯದು ಸಾಕು. ಕುಣಿತ ಕಲಿಯುವ ಮಕ್ಕಳು ಪಾದ ಎಲ್ಲಿ ಬಿತ್ತು, ಎಷ್ಟನೇ ಪೆಟ್ಟಿಗೆ ಬಿತ್ತು ಅಂತ ನೋಡುವ ವಿಡಿಯೋಗೆ ಎರಡನೆಯದೇ ಬೇಕು. ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದೆವು. ಮೇಷ್ಟ್ರು ತಕ್ಷಣ 50ರದ್ದನ್ನು ಆರಿಸಿದರು. ‘ಇದರಲ್ಲಿ ಮಂಡಿ ಕಾಣುತ್ತದೆ’ ಅಂದರು. ಮಂಡಿ ಕುಣಿತದ ಮಟ್ಟಿಗೆ ಅವರ ಮಾತೇ ಅಂತಿಮ.

ಹ್ಯಾಂಡ್‌ಬ್ರೇಕ್‌ನಲ್ಲಿ ಫಿಲ್ಟರ್ಸ್ ಅನ್ನುವಲ್ಲಿ ಡೀಇಂಟರ್‌ಲೇಸ್ ಆರಿಸಿ, ಅದರ ಪ್ರಿಸೆಟ್ ‘ಬಾಬ್’ ಅಂತ ಇಡಬೇಕು. ಫ್ರೇಮ್ ರೇಟ್ 50 ಅಂತಲೇ ಆರಿಸಿ, ‘ಕಾನ್‌ಸ್ಟಂಟ್’ ಗುರುತು ಹಾಕಬೇಕು. ಇಲ್ಲದಿದ್ದರೆ 25ಕ್ಕೆ ಇಳಿದು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಈ ಅಳತೆಯ 50 ಚಿತ್ರ ಹಳೆಯ ಯಂತ್ರಕ್ಕೆ ಭಾರವಾಗದೇ ಅನ್ನುವ ಅನುಮಾನ ಬರಬಹುದು. ಲೆಕ್ಕ ಹಾಕಿ ನೋಡಿ. 768×576 ಅಳತೆಯಲ್ಲಿ 50 ಚಿತ್ರದ ಭಾರ, 1280×720 ಅಳತೆಯಲ್ಲಿ 30 ಚಿತ್ರದ ಭಾರಕ್ಕಿಂತ ಕಡಿಮೆ. ಯಂತ್ರ ಎಷ್ಟು ಭಾರ ಹೊರಬೇಕು ಅಂತ ಎಚ್.264 ಹಾಕಿದ ಗೆರೆಗಳಲ್ಲಿ ಲೆವೆಲ್ 3.1 ಒಂದು, ಎರಡೂ ಅದರ ಮಿತಿಯೊಳಗೇ ಬರುತ್ತವೆ. ಲ್ಯಾಬಿನ ಯಂತ್ರ ಇದನ್ನು ಆರಾಮಾಗಿ ಓಡಿಸಿತು.

768 ಎಲ್ಲಿಂದ ಬಂತು? ಪಾಲ್ ಚಿತ್ರದ ಅಳತೆ 720×576. ಆದರೆ ಅದರ ಪಿಕ್ಸೆಲ್‌ಗಳು ಚೌಕವಲ್ಲ. ಇಷ್ಟು ಅಗಲ ಮಾಡಿ ತೋರಿಸು ಅಂತ ಫೈಲಿನೊಳಗೆ ಒಂದು ಟಿಪ್ಪಣಿ ಇರುತ್ತದೆ. ನಮ್ಮ ಟಿವಿ ಎಂಪಿ4ನಲ್ಲಿ ಆ ಟಿಪ್ಪಣಿಯನ್ನು ಓದುತ್ತಿರಲಿಲ್ಲ. ವೇಷಗಳೆಲ್ಲ ಬಡಕಲಾಗಿ ಕಂಡವು. ಅದಕ್ಕೆ ಚೌಕ ಪಿಕ್ಸೆಲ್ಲಿಗೇ ತಂದುಬಿಟ್ಟೆವು. 4:3 ಚಿತ್ರಕ್ಕೆ 768×576, ಅಗಲ ಪರದೆಯ ಚಿತ್ರಕ್ಕೆ 1024×576. ಟಿಪ್ಪಣಿ ಓದುವ ಹಂಗೇ ಇಲ್ಲ.

ಹ್ಯಾಂಡ್‌ಬ್ರೇಕ್‌ಗೆ ಕಪ್ಪು ಅಂಚನ್ನು ತಾನಾಗಿ ಕತ್ತರಿಸುವ ಅಭ್ಯಾಸವೂ ಇದೆ. ಬಯಲಾಟ ನಡೆಯುವುದೇ ರಾತ್ರಿ, ರಂಗಸ್ಥಳದ ಆಚೆ ಕತ್ತಲು. ಅದನ್ನು ಕಪ್ಪು ಪಟ್ಟಿ ಅಂದುಕೊಂಡು ಕತ್ತರಿಸಿದರೆ ಪ್ರವೇಶ ಮಾಡುವ ವೇಷದ ಅರ್ಧ ಹೋಗುತ್ತದೆ. ಕ್ರಾಪಿಂಗ್ ‘ನನ್’ ಅಂತ ಇಟ್ಟೆವು.

ಒಂದಿಷ್ಟು ಡಿವಿಡಿಗಳು ಇನ್ನೊಂದು ರೀತಿ ಕಾಡಿದವು. ಡೀಇಂಟರ್‌ಲೇಸ್ ಆದ ಮೇಲೆ ವೇಷ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ನಡುಗುತ್ತಾ ಕುಣಿಯುತ್ತಿತ್ತು. ಕಾರಣ ಫೀಲ್ಡಿನ ಸರದಿ. ಡಿವಿ ಟೇಪಿನಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಡಿವಿಡಿ ಮಾಡಿದವರು ಮೇಲಿನದು ಮೊದಲು ಅಂತ ಗುರುತು ಹಾಕಿದ್ದರು. ಹಾಗಾಗಿ ಕಾಲವೇ ಹಿಂದು ಮುಂದಾಗಿತ್ತು. ಎಫ್‌ಎಫ್‌ಎಂಪೆಗ್‌ನಲ್ಲಿ ಸರದಿಯನ್ನು ಕೈಯಾರೆ ತಿದ್ದಿ, ಆಮೇಲೆ ಡೀಇಂಟರ್‌ಲೇಸ್ ಮಾಡಿದಾಗ ನಡುಕ ನಿಂತಿತು.

ವಿಒಬಿ ವಿಷಯದಲ್ಲಿ ಇನ್ನೊಂದು ಮಾತು. ಡಿವಿಡಿಯಲ್ಲಿ ಒಂದೊಂದು ವಿಒಬಿ 1 ಜಿಬಿಗೆ ನಿಲ್ಲುತ್ತದೆ, ಪದ್ಯದ ನಡುವೆಯೇ ತುಂಡಾಗಿರುತ್ತದೆ. ಒಂದೊಂದನ್ನೇ ಪರಿವರ್ತಿಸಬಾರದು. ಹ್ಯಾಂಡ್‌ಬ್ರೇಕ್‌ಗೆ ಇಡೀ ಫೋಲ್ಡರನ್ನೇ ಕೊಟ್ಟರೆ ಎಲ್ಲ ಸೇರಿಸಿ ಒಂದೇ ಆಟವಾಗಿ ಓದುತ್ತದೆ.

ಗುಣಮಟ್ಟಕ್ಕೆ ಬಿಟ್ ರೇಟ್ ಕಟ್ಟಿಹಾಕದೆ ಸ್ಥಿರ ಗುಣಮಟ್ಟದ ಅಂಕಿ ಬಳಸಿದೆವು. ಈ ಹಳೆಯ ಫೈಲುಗಳಿಗೆ 18, ಹೊಸವಕ್ಕೆ 21. ಅಂಕಿ ಕಡಿಮೆಯಾದಷ್ಟೂ ಗುಣ ಜಾಸ್ತಿ, ಫೈಲು ದೊಡ್ಡದು. ಮಂದ ಬೆಳಕಿನ ಟೇಪಿನಲ್ಲಿ ಕಾಳು ಕಾಳು ಇರುತ್ತದೆ, ಅದಕ್ಕೇ ಫೈಲು ಊದಿಕೊಳ್ಳುತ್ತದೆ. ಆ ಕಾಳನ್ನು ಒರೆಸುವ ಫಿಲ್ಟರ್ ಹಾಕಿ ನೋಡಿದೆವು. ಮುಖವರ್ಣಿಕೆಯ ಸಣ್ಣ ಗೆರೆಗಳೂ ಅದರ ಜೊತೆ ಒರೆಸಿಹೋದವು. ಬೇಡ ಅಂತ ತೆಗೆದೆವು. ಜಾಗ ಹೋದರೆ ಹೋಗಲಿ. ಗ್ರಾಫಿಕ್ಸ್ ಕಾರ್ಡಿನಿಂದ ಬೇಗ ಒತ್ತಿಸುವ ಆಯ್ಕೆಯನ್ನೂ ಬಿಟ್ಟೆವು. ಅಷ್ಟೇ ಗಾತ್ರಕ್ಕೆ ಪ್ರೊಸೆಸರಿನಲ್ಲಿ ನಿಧಾನವಾಗಿ ಒತ್ತಿದ್ದೇ ಚೆನ್ನಾಗಿ ಬರುತ್ತದೆ. ರಾತ್ರಿ ಸರದಿಗೆ ಹಾಕಿ ಮಲಗಿದರೆ ಆಯಿತು, ಅವಸರ ಯಾರಿಗೆ?

ವಿಸಿಡಿ ಮತ್ತು 3ಜಿಪಿ ಬಗ್ಗೆ ಹೇಳಲು ಹೆಚ್ಚಿಲ್ಲ. ಇಂಟರ್‌ಲೇಸಿನ ಗೋಜಿಲ್ಲ. ಅಳತೆ ದೊಡ್ಡದು ಮಾಡಲು ಹೋಗಲಿಲ್ಲ, ಟಿವಿ ಹೇಗೂ ಹಿಗ್ಗಿಸುತ್ತದೆ.

ಎಂಪಿ4 ಇದೆ, ಎಚ್.264 ಇದೆ, ಆದರೂ ಓಡಲಿಲ್ಲ

ಐಫೋನಿನ ಫೈಲುಗಳ ಹೊಣೆಯನ್ನು ಗುಂಪಿನಲ್ಲೇ ಕುಣಿತ ಕಲಿಯುವ ಎಂಜಿನಿಯರಿಂಗ್ ಹುಡುಗನೊಬ್ಬ ಹೊತ್ತುಕೊಂಡ. 2017ರ ಐಒಎಸ್ 11ರಿಂದ ಐಫೋನುಗಳು ತಾನಾಗಿ ಎಚ್‌ಇವಿಸಿಯಲ್ಲೇ ತೆಗೆಯುತ್ತವೆ. ಅವನು ಎಫ್‌ಎಫ್‌ಎಂಪೆಗ್‌ನಲ್ಲಿ ಎಚ್.264ಗೆ ತಿರುಗಿಸಿ ಎಂಪಿ4 ಮಾಡಿದ. ಅವನ ಲ್ಯಾಪ್‌ಟಾಪಿನ ವಿಎಲ್‌ಸಿಯಲ್ಲಿ ಚೆನ್ನಾಗಿ ಓಡಿತು. ಲ್ಯಾಬಿನಲ್ಲಿ ಮತ್ತೆ ಕಪ್ಪು. ಟಿವಿಯಲ್ಲಿ ಮತ್ತೆ ಅದೇ ಸಂದೇಶ.

ಮೀಡಿಯಾಇನ್ಫೋದಲ್ಲಿ ಕಾರಣ ಒಂದೇ ಸಾಲಿನಲ್ಲಿತ್ತು: ಪ್ರೊಫೈಲ್ ‘ಹೈ 10’. ಐಫೋನ್ 12ರಿಂದ ಈಚೆಗೆ ಫೋನು ಬೆಳಕು ನೆರಳಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್‌ನಲ್ಲಿ, 10 ಬಿಟ್ ಬಣ್ಣದಲ್ಲಿ ತೆಗೆಯುತ್ತದೆ. ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಆ 10 ಬಿಟ್ಟನ್ನು ಹಾಗೇ ಉಳಿಸಿಕೊಂಡು ಎಚ್.264 ಮಾಡುತ್ತದೆ. ಹೆಸರು ಎಚ್.264 ನಿಜ, ಆದರೆ ಆ ಬಗೆಯನ್ನು ವಿಂಡೋಸ್ 7 ಆಗಲಿ, ಮನೆಯ ಟಿವಿಯಾಗಲಿ ಬಿಡಿಸಲಾರವು. 8 ಬಿಟ್, 4:2:0 ಅಂತ ಮೊದಲೇ ಷರತ್ತು ಹಾಕಿದ್ದು ಇದಕ್ಕೇ. ವಿಎಲ್‌ಸಿಯಲ್ಲಿ ಓಡಿತು ಅನ್ನುವುದು ಪರೀಕ್ಷೆಯೇ ಅಲ್ಲ. ಅದು ಎಲ್ಲವನ್ನೂ ಓಡಿಸುತ್ತದೆ.

8 ಬಿಟ್ಟಿಗೆ ಇಳಿಸಿದ. ಈಗ ಓಡಿತು, ಆದರೆ ಬಣ್ಣ ಸತ್ತುಹೋಯಿತು. ಮುಂಡಾಸಿನ ಕೆಂಪು ಇಟ್ಟಿಗೆ ಪುಡಿಯ ಬಣ್ಣಕ್ಕೆ ಬಂತು. ಎಚ್‌ಡಿಆರ್‌ನ ಬೆಳಕಿನ ಅಳತೆಯೇ ಬೇರೆ. ಅದನ್ನು ಮಾಮೂಲಿ ಪರದೆಯ ಅಳತೆಗೆ ಹೊಂದಿಸದೆ ಸುಮ್ನೆ ಕತ್ತರಿಸಿದರೆ ಹೀಗಾಗುತ್ತದೆ. ಹೊಂದಿಸುವ ಕ್ರಿಯೆಗೆ ಟೋನ್ ಮ್ಯಾಪಿಂಗ್ ಅನ್ನುತ್ತಾರೆ. ಎಫ್‌ಎಫ್‌ಎಂಪೆಗ್‌ನಲ್ಲಿ ಅದಕ್ಕೆ ಫಿಲ್ಟರ್ ಇದೆ. ಅದನ್ನು ಸೇರಿಸಿದ ಮೇಲೆ ಕೆಂಪು ಕೆಂಪಾಯಿತು. ಫೋನಿನ ಪರದೆಯಲ್ಲಿ ಕಾಣುವಷ್ಟು ಮಿಂಚು ಬರಲಿಲ್ಲ. ಬರುವುದೂ ಇಲ್ಲ.

ಫೋನಿನ ಇನ್ನೊಂದು ಗುಣ ಚಂಡೆಯಲ್ಲಿ ಸಿಕ್ಕಿಬಿತ್ತು. ಫೋನುಗಳು ಸೆಕೆಂಡಿಗೆ ಕರಾರುವಾಕ್ಕಾಗಿ 30 ಚಿತ್ರ ತೆಗೆಯುವುದಿಲ್ಲ. ಹೆಚ್ಚು ಕಡಿಮೆ ಆಗುತ್ತಿರುತ್ತದೆ. ಕೆಲವು ಪ್ಲೇಯರುಗಳಲ್ಲಿ ಇದರಿಂದ ಚಿತ್ರ ಮತ್ತು ಧ್ವನಿ ನಿಧಾನಕ್ಕೆ ದೂರ ಸರಿಯುತ್ತವೆ. ಮಾತುಕತೆಯ ವಿಡಿಯೋದಲ್ಲಿ ಯಾರಿಗೂ ಗೊತ್ತಾಗದು. ಏರು ಪದ್ಯಕ್ಕೆ ಚಂಡೆಯ ಕೋಲು ಬೀಳುವುದು ಒಂದು ಕಡೆ, ಸದ್ದು ಇನ್ನೊಂದು ಕಡೆ ಆದರೆ ಮಕ್ಕಳೇ ನಗುತ್ತಾರೆ. ಫ್ರೇಮ್ ರೇಟನ್ನು ಸ್ಥಿರ 30ಕ್ಕೆ ಕಟ್ಟಿದಾಗ ಸರಿಯಾಯಿತು. ಧ್ವನಿಯನ್ನು ಎಎಸಿ 160 ಕಿಲೋಬಿಟ್‌ನಲ್ಲಿ ಇಟ್ಟೆವು. ಚಂಡೆಯ ಹತ್ತಿರ ಫೋನು ಇಟ್ಟು ತೆಗೆದವುಗಳಲ್ಲಿ ಸದ್ದು ಮೊದಲೇ ಹರಿದುಹೋಗಿತ್ತು. ಅದಕ್ಕೆ ಔಷಧಿ ಇಲ್ಲ.

ಇಲ್ಲಿಂದ ಮುಂದೆ ಒಂದು ನಿಯಮ ಮಾಡಿಕೊಂಡೆವು. ಪ್ರತಿ ಬಗೆಯ ಫೈಲಿನಿಂದ ಒಂದು ನಿಮಿಷದ ತುಣುಕು, ಅದೂ ಗಿರ್ಕಿ ಮತ್ತು ಚಂಡೆ ಎರಡೂ ಇರುವ ಜಾಗದ್ದು. ಅದನ್ನು ಪರಿವರ್ತಿಸಿ, ಪೆನ್‌ಡ್ರೈವಿಗೆ ಹಾಕಿ, ಲ್ಯಾಬಿನಲ್ಲೂ ಟಿವಿಯಲ್ಲೂ ಓಡಿಸಿ, ಕ್ಯಾಲಿಫೋರ್ನಿಯಾಕ್ಕೂ ಕಳಿಸಿ ನೋಡಿದ ಮೇಲೆಯೇ ಇಡೀ ರಾಶಿಗೆ ಕೈ ಹಾಕುವುದು.

ಕ್ಯಾಲಿಫೋರ್ನಿಯಾದವರು ಒಂದು ಪ್ರಶ್ನೆ ಕೇಳಿದ್ದರು. ಅಮೆರಿಕದ ಟಿವಿ ಪದ್ಧತಿ ಪಾಲ್ ಅಲ್ಲ, ಎನ್‌ಟಿಎಸ್‌ಸಿ ಅಲ್ವಾ, 30ಕ್ಕೆ ತಿರುಗಿಸಬೇಕಾ ಅಂತ. ಬೇಡ. ಆ ಭೇದ ಹಳೆಯ ಟಿವಿ ಮತ್ತು ಡಿವಿಡಿ ಪ್ಲೇಯರುಗಳದ್ದು. ಕಂಪ್ಯೂಟರಿಗೆ 25 ಆದರೇನು, 50 ಆದರೇನು. ತಿರುಗಿಸಿದರೆ ಕುಣಿತ ಕುಂಟುತ್ತದೆ.

ಪೆನ್‌ಡ್ರೈವ್ ಮತ್ತು ಹೆಸರುಗಳು

ಫೈಲೆಲ್ಲ ಸರಿಯಾದ ಮೇಲೂ ಟಿವಿಯಲ್ಲಿ ಕೆಲವು ಬರಲಿಲ್ಲ. ಪೆನ್‌ಡ್ರೈವಿಗೇ ಅವು ಹೋಗಿರಲಿಲ್ಲ. ಅದು ಫ್ಯಾಟ್32 ಅನ್ನುವ, ಫೈಲು ಜೋಡಿಸಿಡುವ ಹಳೆಯ ಕ್ರಮದಲ್ಲಿತ್ತು. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ. ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕ ಹಿಡಿದರೂ ಗಂಟೆಗೆ ಸುಮಾರು 900 ಎಂಬಿ. ಇಡೀ ರಾತ್ರಿಯ ಆಟ ಒಂದೇ ಫೈಲಾದರೆ 7 ಜಿಬಿ ಆಗಿಬಿಡುತ್ತದೆ. ಎಕ್ಸ್‌ಫ್ಯಾಟ್ ಅನ್ನುವ ಹೊಸ ಕ್ರಮಕ್ಕೆ ಬದಲಿಸಿದರೆ ವಿಂಡೋಸ್ ಮತ್ತು ಮ್ಯಾಕ್ ಓದುತ್ತವೆ, ನಮ್ಮ ಟಿವಿ ಓದಲಿಲ್ಲ. ಹಾಗಾಗಿ ಪ್ರಸಂಗಕ್ಕೊಂದು, ಅಂದರೆ ಕಥೆಗೊಂದು ಫೈಲ್ ಅಂತ ತುಂಡು ಮಾಡಿದೆವು. ರಾತ್ರಿಯ ಆಟದಲ್ಲಿ ಎರಡು ಮೂರು ಪ್ರಸಂಗ ಇದ್ದೇ ಇರುತ್ತವೆ. ನೋಡುವವರಿಗೂ ಇದೇ ಅನುಕೂಲ.

ಕನ್ನಡದಲ್ಲಿ ಬರೆದ ಫೈಲ್ ಹೆಸರುಗಳು ಕಂಪ್ಯೂಟರುಗಳಲ್ಲಿ ಸರಿಯಾಗಿ ಕಂಡವು, ಟಿವಿಯಲ್ಲಿ ಬರೀ ಚೌಕಗಳು. ಯಾವುದು ಗದಾಯುದ್ಧ, ಯಾವುದು ಕೃಷ್ಣಾರ್ಜುನ ಅಂತ ತಿಳಿಯದು. ನನಗೆ ಇದು ಬೇಸರ ತಂದ ವಿಷಯ. ಆದರೆ ಟಿವಿಯ ಒಳಗೆ ಕನ್ನಡ ಅಕ್ಷರ ತುಂಬಲು ನಮ್ಮಿಂದ ಆಗದು. ಪೆನ್‌ಡ್ರೈವಿನ ಪ್ರತಿಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಯ ಹೆಸರು ಇಟ್ಟೆವು. ಹಾರ್ಡ್ ಡಿಸ್ಕಿನ ಪ್ರತಿಗೆ ಕನ್ನಡದ್ದೇ ಹೆಸರು. ಪ್ರಸಂಗ, ಮೇಳ, ಭಾಗವತರು, ವೇಷಧಾರಿಗಳು, ಜಾಗ, ವರ್ಷ ಇರುವ ಒಂದು ಪಟ್ಟಿಯನ್ನು ಕನ್ನಡದಲ್ಲಿ ಮಾಡಿ ಜೊತೆಗೆ ಹಾಕಿದೆವು. ಅದನ್ನು ತುಂಬಲು ಹಿರಿಯರು ಕೂತರೆ ಒಂದೊಂದು ಆಟಕ್ಕೂ ಒಂದೊಂದು ಜಗಳ. ಚಂಡೆ ಬಾರಿಸಿದ್ದು ಅವರಲ್ಲ, ಇವರು ಅಂತ.

ಎಂಪಿ4ಗಳೆಲ್ಲ ನೋಡಲು ಮಾತ್ರ. ಡಿವಿ ಎವಿಐ, ವಿಒಬಿ ಫೋಲ್ಡರ್, ಫೋನಿನ ಎಂಒವಿ ಯಾವುದನ್ನೂ ಅಳಿಸಿಲ್ಲ. ಅವನ್ನು ಇನ್ನೊಂದು ಡಿಸ್ಕಿಗೂ ನಕಲು ಮಾಡಿ, ಎರಡು ಡಿಸ್ಕನ್ನು ಎರಡು ಮನೆಯಲ್ಲಿಡಲು ಹೇಳಿದೆವು.

ಇನ್ನು ಮುಂದೆ ತೆಗೆಯುವ ವಿಡಿಯೋಗಳ ಬಗ್ಗೆ ಚರ್ಚೆ ಆಯಿತು. ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಫಾರ್ಮ್ಯಾಟ್ಸ್ ಅನ್ನುವಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ, ಎಚ್‌ಡಿಆರ್ ಆಫ್ ಮಾಡಿಬಿಟ್ಟರೆ ಫೋನೇ ಎಚ್.264 ಕೊಡುತ್ತದೆ. ಆಮೇಲೆ ಬರೀ ಡಬ್ಬ ಬದಲಿಸಿದರೆ ಮೇಷ್ಟ್ರ ಲ್ಯಾಪ್‌ಟಾಪಿಗೆ ಸಾಕು. ಹಿರಿಯರಿಗೆ ಇದು ಒಪ್ಪಿಗೆಯಾಯಿತು. ಹುಡುಗನಿಗೆ ಆಗಲಿಲ್ಲ. ಅವನು 4ಕೆ, 60ರಲ್ಲೇ ತೆಗೆಯುತ್ತಾನಂತೆ. ಅದು ನಿಮಿಷಕ್ಕೆ 400 ಎಂಬಿ, ಆ ಅಳತೆಗೆ ಫೋನು ಎಚ್‌ಇವಿಸಿ ಬಿಟ್ಟು ಬೇರೆ ಕೊಡುವುದೂ ಇಲ್ಲ. ಅವನ ವಾದದಲ್ಲಿ ಹುರುಳಿದೆ: ಇವತ್ತಿನ ಲ್ಯಾಬಿಗಾಗಿ ಮೂಲವನ್ನೇ ಯಾಕೆ ಕಡಿಮೆ ಮಾಡಬೇಕು? ಕೊನೆಗೆ ಹೀಗೆ ನಿಂತಿತು. ವಾರದ ಅಭ್ಯಾಸವನ್ನು ಯಾರು ತೆಗೆದರೂ 1080ರಲ್ಲಿ, ‘ಮೋಸ್ಟ್ ಕಂಪ್ಯಾಟಿಬಲ್’ ಇಟ್ಟು. ದೊಡ್ಡ ಆಟಗಳನ್ನು ಅವನು 4ಕೆಯಲ್ಲಿ ತೆಗೆಯಲಿ, ಮೂಲ ಡಿಸ್ಕಿಗೆ ಹೋಗಲಿ, ಲ್ಯಾಬಿನ ಮತ್ತು ಟಿವಿಯ ಪ್ರತಿಯನ್ನು ಅವನೇ ಮಾಡಿಕೊಡಲಿ. ಡಿಸ್ಕಿನ ಖರ್ಚು ಕ್ಯಾಲಿಫೋರ್ನಿಯಾದವರದ್ದು.